ಆವೃತ್ತಿ ಸಂಖ್ಯೆ ಒಂದೇ ಕಡೆ ಇರಲಿ

ಪ್ರಶ್ನೆ: ನನ್ನ ಪೈಥಾನ್ ಪ್ಯಾಕೇಜನ್ನು ಲ್ಯಾಪ್‌ಟಾಪಿನಿಂದಲೇ ಪೈಪಿಐಗೆ ಏರಿಸುತ್ತೇನೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಆವೃತ್ತಿ ಸಂಖ್ಯೆ ಬದಲಿಸಲು ಮರೆತುಹೋಗುತ್ತದೆ. ಏನು ಮಾಡಲಿ?

ಉತ್ತರ: ಇದು ನಿಮ್ಮ ಮರೆವಿನ ದೋಷವಲ್ಲ. ಒಂದೇ ಸಂಖ್ಯೆಯನ್ನು ಮೂರು ಕಡತಗಳಲ್ಲಿ ಬರೆದಿಟ್ಟರೆ ಒಂದಲ್ಲ ಒಂದು ದಿನ ಅವು ತಾಳೆಯಾಗುವುದಿಲ್ಲ. ಗಿಟ್ ಟ್ಯಾಗನ್ನೇ ಏಕೈಕ ಮೂಲವಾಗಿಸಿ. ನೀವು ವಿ1.4.2 ಎಂದು ಟ್ಯಾಗ್ ಹಾಕಿದರೆ ಸೆಟಪ್‌ಟೂಲ್ಸ್-ಎಸ್‌ಸಿಎಂ ಎಂಬ ಸಾಧನ ಅದನ್ನೇ ಓದಿ ಪ್ಯಾಕೇಜಿಗೆ 1.4.2 ಎಂಬ ಸಂಖ್ಯೆ ಕೊಡುತ್ತದೆ.

ಸಂಖ್ಯೆ ಬಳಕೆದಾರರಿಗೆ ಕೊಟ್ಟ ಮಾತು. ದೋಷ ಸರಿಪಡಿಸಿದರೆ ಕೊನೆಯ ಅಂಕಿ, ಹಳೆಯದು ಕೆಡದಂತೆ ಹೊಸ ಸೌಲಭ್ಯ ಸೇರಿಸಿದರೆ ನಡುವಿನದು, ಹಳೆಯ ಕೋಡ್ ಮುರಿಯುವಂತಿದ್ದರೆ ಮೊದಲನೆಯದು ಏರಬೇಕು. ಒಂದು ಫಂಕ್ಷನ್ನಿನ ಹೆಸರು ಬದಲಿಸಿದರೂ 2.0.0 ಎನ್ನಲು ಹಿಂಜರಿಯಬೇಡಿ.

ಮುಂದಿನದನ್ನು ಗಿಟ್‌ಹಬ್ ಆಕ್ಷನ್ಸ್‌ಗೆ ಒಪ್ಪಿಸಿ. ಟ್ಯಾಗ್ ಬಂದೊಡನೆ ಪರೀಕ್ಷೆಗಳು ಓಡಲಿ. ಎಲ್ಲವೂ ಪಾಸಾದರೆ ಮಾತ್ರ ಪ್ಯಾಕೇಜ್ ಸಿದ್ಧವಾಗಿ ಪೈಪಿಐಗೆ ಹೋಗಲಿ. ಪಾಸ್‌ವರ್ಡ್, ಶಾಶ್ವತ ಟೋಕನ್ ಎಲ್ಲಿಯೂ ಇಡಬೇಡಿ. 2023ರಿಂದ ಪೈಪಿಐಯಲ್ಲಿರುವ 'ಟ್ರಸ್ಟೆಡ್ ಪಬ್ಲಿಷಿಂಗ್' ಬಳಸಿ. ಅದು ಕೊಡುವ ಟೋಕನ್ 15 ನಿಮಿಷಕ್ಕೆ ಮುಗಿಯುತ್ತದೆ, ಕಳುವಾದರೂ ಹಾನಿ ಕಡಿಮೆ.

ಒಂದು ಎಚ್ಚರಿಕೆ: ಏರಿಸಿದ ಕಡತವನ್ನು ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಏರಿಸಲಾಗದು. ಕೆಟ್ಟ ಆವೃತ್ತಿ ಹೊರಬಿದ್ದರೆ ಅದನ್ನು 'ಯಾಂಕ್' ಮಾಡಿ (ಅಂದರೆ ಅಳಿಸದೆ, ಹೊಸಬರು ಅದನ್ನು ಪಡೆಯದಂತೆ ಗುರುತು ಹಾಕಿ), ತಿದ್ದಿ 1.4.3 ಬಿಡಿ. ಮೊದಲ ಪ್ರಯೋಗ ಟೆಸ್ಟ್‌ಪೈಪಿಐಯಲ್ಲಿ ನಡೆಯಲಿ.

ಬದಲಾವಣೆಗಳ ಟಿಪ್ಪಣಿಯನ್ನು ಮಾತ್ರ ನೀವೇ ಬರೆಯಿರಿ. ಏನು ಬದಲಾಯಿತು, ತಾವೇನು ಮಾಡಬೇಕು ಎಂಬುದು ಬಳಕೆದಾರರಿಗೆ ತಿಳಿಯುವುದು ಅದರಿಂದಲೇ.