ಮಣ್ಣಿನ ತೇವ ಅಳೆಯುವ ಮಾಪಕವನ್ನು ಮನೆಯಲ್ಲೇ ತಯಾರಿಸಿರಿ



ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ನೋಡಿ ನೀರು ಹಾಯಿಸುವ ಪದ್ಧತಿ ನಿಮಗೆ ಹೊಸದಲ್ಲ. ಉಂಡೆ ಕಟ್ಟಿದರೆ ತೇವವಿದೆ, ಉದುರಿದರೆ ನೀರು ಬೇಕು. ಈ ಪರೀಕ್ಷೆ ಇಂದಿಗೂ ಒಳ್ಳೆಯದೇ. ಆದರೆ ಬೇರಿನ ಆಳದವರೆಗೆ ದಿನವೂ ಅಗೆದು ನೋಡುವುದು ಆಗದ ಮಾತು. ಮೇಲ್ಮಣ್ಣು ಒಣಗಿತೆಂದು ಪಂಪು ಚಾಲೂ ಮಾಡಿದರೆ, ಕೆಳಗೆ ಇನ್ನೂ ಕೆಸರಿದ್ದು ಟೊಮೆಟೊ, ಮೆಣಸಿನ ಬೇರು ಕೊಳೆಯುವುದುಂಟು.

ಈ ಕೆಲಸಕ್ಕೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕ ನೆರವಾಗುತ್ತದೆ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಹಲಗೆ ಇಂತಹದು. ಇದರ ‘ಉನೊ’ ಮಾದರಿ 0ಯಿಂದ 5 ವೋಲ್ಟ್‌ವರೆಗಿನ ವಿದ್ಯುತ್ತನ್ನು 0ಯಿಂದ 1023ರವರೆಗಿನ ಅಂಕಿಯಾಗಿ ತೋರಿಸುತ್ತದೆ. ಅದು ಅಳೆಯುವುದು ವೋಲ್ಟನ್ನು, ನೀರನ್ನಲ್ಲ ಎಂಬುದನ್ನು ಮರೆಯಬಾರದು.

ಮಣ್ಣಿಗೆ ಚುಚ್ಚುವ ಕಡ್ಡಿಯಲ್ಲಿ ಎರಡು ಬಗೆ. ಎರಡು ಲೋಹದ ಹಲ್ಲುಗಳ ನಡುವೆ ವಿದ್ಯುತ್ ಹರಿಸುವುದು ಅಗ್ಗ. ನಾನು ಮೊದಲು ಎರಡು ಮೊಳೆಗಳಿಂದಲೇ ಮಾಡಿ, ಹಗಲಿರುಳು ವಿದ್ಯುತ್ ಬಿಟ್ಟಿದ್ದೆ. ಕೆಲವೇ ವಾರಗಳಲ್ಲಿ ಧನ ತಂತಿಯ ಮೊಳೆ ಸವೆದುಹೋಯಿತು! ಗೊಬ್ಬರದ ಲವಣದಿಂದಲೂ ಇದರ ಅಂಕಿ ಏರುಪೇರಾಗುತ್ತದೆ. ಲೋಹಕ್ಕೆ ಹೊದಿಕೆಯಿರುವ ಕೆಪ್ಯಾಸಿಟಿವ್ ಕಡ್ಡಿಯೇ ಮೇಲು. ಅದರ ಮೇಲ್ತುದಿಯ ಬಿಡಿಭಾಗಗಳಿಗೆ ವಾರ್ನಿಷ್ ಬಳಿದು, ಅವು ಮಣ್ಣಿನೊಳಗೆ ಹೋಗದಂತೆ ನೋಡಿಕೊಳ್ಳಿರಿ.

ಜೋಡಣೆ ಸುಲಭ. ಕಡ್ಡಿಯ ಮೂರು ತಂತಿಗಳಲ್ಲಿ ಒಂದನ್ನು 5 ವೋಲ್ಟ್‌ಗೆ, ಒಂದನ್ನು ಗ್ರೌಂಡ್‌ಗೆ, ಸಂಕೇತದ ತಂತಿಯನ್ನು ‘ಎ-ಸೊನ್ನೆ’ ತೂತಿಗೆ ಸೇರಿಸಿರಿ. ಕಂಪ್ಯೂಟರಿನಿಂದ ಒಮ್ಮೆ ಪ್ರೋಗ್ರಾಂ ತುಂಬಬೇಕು. ಕಾಲೇಜಿಗೆ ಹೋಗುವ ಮಕ್ಕಳು ಅರ್ಧ ತಾಸಿನಲ್ಲಿ ಮಾಡಿಕೊಡುತ್ತಾರೆ. ಹತ್ತು ಸಲ ಓದಿ ಸರಾಸರಿ ತೋರಿಸುವಂತೆ ಬರೆಸಿರಿ. ಈ ಬಗೆಯ ಕಡ್ಡಿಗಳಲ್ಲಿ ಸಾಮಾನ್ಯವಾಗಿ ತೇವ ಹೆಚ್ಚಿದಂತೆ ಅಂಕಿ ಇಳಿಯುತ್ತದೆ, ಗಾಬರಿಯಾಗಬೇಡಿರಿ.

ನಿಜವಾದ ಕೆಲಸವಿರುವುದು ಮುಂದೆ. ನಿಮ್ಮದೇ ಹೊಲದ ಮಣ್ಣನ್ನು ಒಣಗಿಸಿ, ಕಲ್ಲು ತೆಗೆದು, ಸ್ವಲ್ಪ ಸ್ವಲ್ಪವಾಗಿ ನೀರು ಬೆರೆಸುತ್ತ ಹೋಗಿರಿ. ಪ್ರತಿ ಹಂತದಲ್ಲೂ ಡಬ್ಬಿಗೆ ಒಂದೇ ಸಮನಾಗಿ ಅದುಮಿ ತುಂಬಿ, ಕಡ್ಡಿ ಚುಚ್ಚಿ ಅಂಕಿ ಬರೆದುಕೊಳ್ಳಿರಿ. ಅದೇ ಮಣ್ಣಿನ 100 ಗ್ರಾಂ ತೂಗಿ ಒಣಗಿಸಿರಿ. ಪ್ರಯೋಗಶಾಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಇಡುತ್ತಾರೆ. ಮನೆಯಲ್ಲಾದರೆ ಹಳೆಯ ಬಾಣಲೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಹುರಿದರೆ ನಡೆಯುತ್ತದೆ. 80 ಗ್ರಾಂ ಉಳಿದರೆ, ಹೋದ ನೀರು 20 ಗ್ರಾಂ. 20ನ್ನು 80ರಿಂದ ಭಾಗಿಸಿದರೆ ತೇವಾಂಶ ಶೇಕಡಾ 25.

ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಶೇಕಡಾ 25 ಧಾರಾಳ ತೇವ. ಭಾರಿ ಎರೆ ಮಣ್ಣಿನಲ್ಲಿ ಅಷ್ಟೇ ತೇವವಿದ್ದಾಗ ಬೆಳೆ ಬಾಡುವ ಹಂತಕ್ಕೆ ಸಮೀಪವಾಗಿರಬಹುದು, ಏಕೆಂದರೆ ಜಿಗುಟು ಮಣ್ಣು ನೀರನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ನೆರೆಯವರ ಅಂಕಿ ನಿಮಗೆ ಬಾರದು. ತೂಗುವ ತಾಪತ್ರಯ ಬೇಡವೆನ್ನುವವರು ಎರಡು ಅಂಕಿಗಳನ್ನಾದರೂ ಗುರುತಿಸಿಕೊಳ್ಳಿರಿ: ಚೆನ್ನಾಗಿ ನೀರುಣಿಸಿದ ಎರಡು ದಿನಗಳ ನಂತರದ್ದು ಒಂದು, ಬೇರಿನ ಆಳದ ಮಣ್ಣು ಅಂಗೈಯಲ್ಲಿ ಉದುರತೊಡಗಿದಾಗಿನದು ಇನ್ನೊಂದು. ನೀರು ಕೊಡುವ ಕಾಲ ಇವೆರಡರ ನಡುವೆ ಇದೆ.

ಎರೆ ಭೂಮಿಯಲ್ಲಿ ಬಿರುಕು ಬಿಟ್ಟು ಕಡ್ಡಿಯ ಸುತ್ತ ಗಾಳಿ ಸೇರಿದರೆ ಮಾಪಕವು ಮಣ್ಣು ಪೂರಾ ಒಣಗಿದೆಯೆಂದೇ ಹೇಳುತ್ತದೆ. ಆಗ ಬೇರೆಡೆ ಚುಚ್ಚಿ ನೋಡಿರಿ. ಮೊದಲ ಹಂಗಾಮಿನಲ್ಲಿ ಇದನ್ನು ಪಂಪಿನ ಸ್ವಿಚ್ಚಿಗೆ ಜೋಡಿಸಲು ಹೋಗಬೇಡಿರಿ. ಅಂಕಿ ಬರೆದಿಟ್ಟು, ಪಕ್ಕದಲ್ಲೇ ಅಗೆದು ಕೈಯಲ್ಲಿ ಅದುಮಿ ತಾಳೆ ನೋಡುತ್ತಿರಿ.