ಕೃಷಿ ಜಮೀನಿನಲ್ಲಿ ಉದ್ದಿಮೆ: ಪಂಚಾಯಿತಿ ಪರವಾನಗಿಯ ವ್ಯಾಪ್ತಿ ಎಷ್ಟು?

ಗ್ರಾಮೀಣ ಭಾಗದಲ್ಲಿ ಗೋದಾಮು, ಬೇಳೆ ಮಿಲ್ಲು ಅಥವಾ ಹತ್ತಿ ಜಿನ್ನಿಂಗ್ ಘಟಕ ಸ್ಥಾಪಿಸಲು ಹೊರಟ ವರ್ತಕರಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಗ್ರಾಮ ಪಂಚಾಯಿತಿ ಪರವಾನಗಿ ನೀಡಿ, ತೆರಿಗೆ ಪಡೆದು ರಸೀದಿ ಕೊಟ್ಟಮೇಲೆ ಜಮೀನಿನ ಬಳಕೆಯೂ ಸಕ್ರಮವಾಯಿತೆಂಬುದೇ ಆ ತಿಳಿವಳಿಕೆ. ತೆರಿಗೆ ರಸೀದಿಗೆ ಅಂತಹ ಶಕ್ತಿಯಿಲ್ಲ.

ಪಾಮನಕಲ್ಲೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿಂದೆ ಬೇರೆ ತಾಲ್ಲೂಕಿಗೆ ಸೇರಿದ್ದ ಈ ಗ್ರಾಮ, ಮಸ್ಕಿ ಹೊಸ ತಾಲ್ಲೂಕಾದ ಬಳಿಕ ಅದರ ವ್ಯಾಪ್ತಿಗೆ ಬಂದಿತು. ಇದರಿಂದ ತಹಶೀಲ್ದಾರರ ಕಚೇರಿ ಬದಲಾಯಿತೇ ಹೊರತು ನಿರ್ಣಯದ ಅಧಿಕಾರ ಪಂಚಾಯಿತಿಗೆ ಬರಲಿಲ್ಲ. ಕೃಷಿ ಜಮೀನನ್ನು ಅನ್ಯ ಉದ್ದೇಶಕ್ಕೆ ಪರಿವರ್ತಿಸುವ ಅನುಮತಿ, ಅಂದರೆ ಜನರ ಮಾತಿನ ‘ಎನ್.ಎ.’, ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಕಲಮಿನ ವಿಷಯ. ಅದರ ಅಧಿಕಾರಿ ರಾಯಚೂರಿನ ಜಿಲ್ಲಾಧಿಕಾರಿ. ಅನುಮತಿಯಿಲ್ಲದೆ ಬಳಕೆ ಬದಲಿಸಿದವರಿಗೆ 96ನೇ ಕಲಮಿನಡಿ ದಂಡವಿದೆ.

ಇದೇ 95ನೇ ಕಲಮಿನ ಮೊದಲ ಭಾಗವನ್ನು ವರ್ತಕರು ವಿಶೇಷವಾಗಿ ಓದಬೇಕು. ಸಾಗುವಳಿಯ ಅನುಕೂಲಕ್ಕಾಗಿ ಹೊಲದಲ್ಲಿ ಕಟ್ಟಡ, ಬಾವಿ, ಕೆರೆ ನಿರ್ಮಿಸಿಕೊಳ್ಳುವ ಹಕ್ಕು ಭೂಮಿಯ ಅನುಭೋಗದಾರನಿಗೆ ಉಂಟು. ತನ್ನ ಹೊಲದ ತೊಗರಿಯನ್ನು ತುಂಬಿಡಲು ರೈತ ಕಟ್ಟಿದ ಕೊಠಡಿ ಈ ಹಕ್ಕಿನೊಳಗೆ ಬರುತ್ತದೆ. ಅದೇ ಗೋಡೆ, ಅದೇ ತಗಡಿನ ಚಾವಣಿಯ ಕೆಳಗೆ ವರ್ತಕನು ಹತ್ತು ಊರುಗಳಿಂದ ಖರೀದಿಸಿದ ತೊಗರಿಯನ್ನು ದಾಸ್ತಾನು ಮಾಡಿದರೆ ಬಳಕೆಯ ಸ್ವರೂಪವೇ ಬೇರೆಯಾಗುತ್ತದೆ. ರೈತನ ಕೊಠಡಿಯನ್ನು ಬಾಡಿಗೆಗೆ ಹಿಡಿಯುವ ವರ್ತಕರು ಈ ವ್ಯತ್ಯಾಸವನ್ನು ಗಮನಿಸುವುದು ವಿರಳ. ಬ್ಯಾಂಕಿನ ಕಾನೂನು ಸಲಹೆಗಾರರು ಪಹಣಿಯ ಜೊತೆಗೆ ಪರಿವರ್ತನೆಯ ಆದೇಶವನ್ನು ಕೇಳಿದಾಗಲೇ ತೊಡಕು ಗೋಚರಿಸುತ್ತದೆ. ಅಷ್ಟರಲ್ಲಿ ಯಂತ್ರಕ್ಕೆ ಮುಂಗಡ ಹೋಗಿರುತ್ತದೆ.

95ನೇ ಕಲಮು ಈಚಿನ ವರ್ಷಗಳಲ್ಲಿ ಹಲವು ಬಾರಿ ತಿದ್ದುಪಡಿಯಾಗಿದೆ. ಆದ್ದರಿಂದ ಅರ್ಜಿಯ ವಿಧಾನ, ಕಾಲಮಿತಿ ಹಾಗೂ ವಿನಾಯಿತಿಗಳನ್ನು ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಪಾಠದಿಂದಲೇ ತಿಳಿಯತಕ್ಕದ್ದು. ನೆರೆಯವರು ಐದು ವರ್ಷದ ಹಿಂದೆ ಅನುಸರಿಸಿದ ಕ್ರಮ ಇಂದಿಗೆ ಆಧಾರವಾಗದು. ಅಂತೆಯೇ, ಕೃಷಿಕರಲ್ಲದವರ ಭೂ ಖರೀದಿಗೆ ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಅದರಿಂದ ಖರೀದಿ ಸುಲಭವಾಯಿತು. ಖರೀದಿಸಿದ ಹೊಲ ತಾನಾಗಿ ಕೈಗಾರಿಕಾ ನಿವೇಶನವಾಗಲಿಲ್ಲ.

ಪಂಚಾಯಿತಿಯ ಪಾತ್ರ ಚಿಕ್ಕದೆಂದು ಇದರ ಅರ್ಥವಲ್ಲ. ಕಟ್ಟಡ ಕಟ್ಟಲು, ಯಂತ್ರ ಸ್ಥಾಪಿಸಲು 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಅದರ ಅನುಮತಿ ಬೇಕು. ಮಿಲ್ಲಿನ ಧೂಳು, ಸದ್ದು, ಲಾರಿಗಳ ಓಡಾಟದ ಬಗ್ಗೆ ಊರಿನವರ ಆಕ್ಷೇಪ ಮೊದಲು ಕೇಳಿಬರುವುದೂ ಅಲ್ಲಿಯೇ. ಜಾಗ ಗೊತ್ತುಪಡಿಸುವ ಮೊದಲೇ ಆ ಮಾತನ್ನು ಕೇಳುವುದು ಜಾಣತನ.

ಪಟ್ಟಣಗಳ ಅಂಚಿನಲ್ಲಿ ಮತ್ತೊಂದು ಪ್ರಾಧಿಕಾರ ಸೇರಿಕೊಳ್ಳುತ್ತದೆ. ಸರ್ವೆ ನಂಬರು ಯೋಜನಾ ಪ್ರದೇಶದೊಳಗಿದ್ದು ಮಹಾಯೋಜನೆ ಜಾರಿಯಲ್ಲಿದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಅನ್ವಯಿಸುತ್ತದೆ. ನಕ್ಷೆಯಲ್ಲಿ ವಸತಿ ಎಂದು ಗುರುತಾದ ಜಾಗವನ್ನು ಬದಲಿಸಲು 14ಎ ಕಲಮಿನಲ್ಲಿ ದಾರಿ ಇದೆ, ಆದರೆ ಬಲು ಕಿರಿದು: ಸಾರ್ವಜನಿಕ ಹಿತ ತೋರಿಸಬೇಕು, ಪತ್ರಿಕೆಗಳಲ್ಲಿ ಪ್ರಕಟಣೆ ಆಗಬೇಕು. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವುದು ಇದಕ್ಕಿಂತ ಎಷ್ಟೋ ಸುಲಭ. ವರ್ತಕ ಸಂಘಗಳು ಆ ಅವಕಾಶವನ್ನು ಕಳೆದುಕೊಳ್ಳುತ್ತಿರುವುದು ವಿಷಾದಕರ.

ಮಸ್ಕಿಯಲ್ಲಿ ಇನ್ನೂ ಒಂದು ನಿರ್ಬಂಧವಿದೆ. 1915ರಲ್ಲಿ ಪತ್ತೆಯಾದ ಅಶೋಕನ ಶಾಸನದ ತಾಣ ಕೇಂದ್ರದ ಸಂರಕ್ಷಣೆಗೆ ಒಳಪಟ್ಟಿದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರು ನಿಷೇಧಿತ ವಲಯ. ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಅಲ್ಲಿ ಅಂಗಡಿ ಕಟ್ಟಲು ಪುರಸಭೆಯ ಒಪ್ಪಿಗೆಯೊಂದೇ ಸಾಲದು.

ಪಾಮನಕಲ್ಲೂರಿನ ಸುತ್ತ ಜಮೀನು ಕೊಳ್ಳುವವರು ನೀರಿನ ವಿಚಾರವನ್ನೂ ಪರಿಶೀಲಿಸಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು 2020–21ರಲ್ಲಿ ಇಲ್ಲಿಯೇ ದೀರ್ಘ ಧರಣಿ ನಡೆಸಿದರು. ಕಾಲುವೆ, ಉಪಕಾಲುವೆಗಳು ಹಾಯುವ ಪಟ್ಟಿಯ ಭೂಮಿ ಸ್ವಾಧೀನಕ್ಕೆ ಒಳಗಾಗುತ್ತದೆ. ಆದಕಾರಣ ಕರಾರು ಬರೆಯುವ ಮೊದಲು ಆ ಸರ್ವೆ ನಂಬರು ಯಾವುದಾದರೂ ಕಾಲುವೆಯ ಪ್ರಸ್ತಾವದಲ್ಲಿದೆಯೇ ಎಂಬುದಕ್ಕೆ ನೀರಾವರಿ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಒಳಿತು.