ಆರೋಗ್ಯ ವಿಮೆ: ಕಂಪೆನಿಗಳ ಪೈಪೋಟಿಯಿಂದ ರೋಗಿಗೇನು ಲಾಭ?

ಅಂಗಡಿಗಳು ಹೆಚ್ಚಾದರೆ ಬೆಲೆ ಇಳಿಯುತ್ತದೆ ಎಂಬುದು ಸಂತೆಗೆ ಹೋಗುವವರೆಲ್ಲ ಬಲ್ಲ ಮಾತು. ಆದರೆ ಆರೋಗ್ಯ ವಿಮೆಗೆ ಈ ಮಾತು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ತರಕಾರಿ ಮಾರುವವನಿಗೆ ಕೊಳ್ಳುವವರು ಯಾರಾದರೂ ಒಂದೇ. ವಿಮಾ ಕಂಪೆನಿಗೆ ಮೂವತ್ತರ ಆರೋಗ್ಯವಂತ ಲಾಭದ ಗಿರಾಕಿ, ಅರವತ್ತರ ಸಕ್ಕರೆ ಕಾಯಿಲೆಯವರು ಖರ್ಚಿನ ಗಿರಾಕಿ. ಹೀಗಾಗಿ ಒಳ್ಳೆಯ ಸೇವೆ ಕೊಡುವುದಕ್ಕಿಂತ ಆರೋಗ್ಯವಂತರನ್ನು ಆರಿಸಿಕೊಳ್ಳುವುದರಲ್ಲೇ ಪೈಪೋಟಿ ನಡೆಯುವ ಸಂಭವವಿರುತ್ತದೆ.

ನಮ್ಮ ದೇಶದಲ್ಲಿ 1986ರಲ್ಲಿ ಸರ್ಕಾರಿ ಕಂಪೆನಿಗಳು ‘ಮೆಡಿಕ್ಲೇಮ್’ ಪಾಲಿಸಿಯನ್ನು ಜಾರಿಗೆ ತಂದವು. 1999ರ ಕಾಯ್ದೆಯ ನಂತರ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆಯಿತು. ಸೇವೆ ಹಿಡಿಸದಿದ್ದರೆ ಪಾಲಿಸಿಯನ್ನು ಬೇರೆ ಕಂಪೆನಿಗೆ ವರ್ಗಾಯಿಸಿಕೊಳ್ಳುವ ಅವಕಾಶ 2011ರ ಅಕ್ಟೋಬರ್‌ನಲ್ಲಿ ದೊರೆಯಿತು. ಆದರೆ ಹೊಸ ಕಂಪೆನಿ ನಿಮ್ಮ ಕಾಯಿಲೆಗಳನ್ನು ನೋಡಿ ಅರ್ಜಿಯನ್ನು ತಿರಸ್ಕರಿಸಬಹುದು. ಎಂದರೆ, ವಿಮೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಆಯ್ಕೆ ಕಡಿಮೆ.

ಇದಕ್ಕೆ ಪರಿಹಾರವಿಲ್ಲವೇ? ನೆದರ್‌ಲೆಂಡ್ಸ್ 2006ರಲ್ಲಿ ಒಂದು ದಾರಿ ಹುಡುಕಿತು. ಅಲ್ಲಿ ವಿಮೆ ಮಾರುವುದು ಖಾಸಗಿ ಕಂಪೆನಿಗಳೇ. ಆದರೆ ಮೂಲ ವಿಮೆ ಎಲ್ಲರಿಗೂ ಕಡ್ಡಾಯ. ಕೇಳಿ ಬಂದವರನ್ನು ಕಂಪೆನಿ ನಿರಾಕರಿಸುವಂತಿಲ್ಲ. ಒಂದೇ ಪಾಲಿಸಿಗೆ ರೋಗಿಗೂ ಆರೋಗ್ಯವಂತರಿಗೂ ಒಂದೇ ಕಂತು. ರೋಗಿಗಳು ಹೆಚ್ಚಿರುವ ಕಂಪೆನಿಗೆ ಸಾಮಾನ್ಯ ನಿಧಿಯಿಂದ ಹೆಚ್ಚು ಹಣ ಸಿಗುವುದರಿಂದ ಅವರನ್ನು ದೂರವಿಡುವ ಆಸೆ ಕಡಿಮೆಯಾಗುತ್ತದೆ. ಪ್ರತಿ ವರ್ಷದ ಕೊನೆಯಲ್ಲಿ ಕಂಪೆನಿ ಬದಲಿಸಬಹುದು. ಅಲ್ಲಿಯೂ ಎಲ್ಲವೂ ಸುಗಮವೇನಲ್ಲ. ಮಾರುಕಟ್ಟೆಯ ಬಹುಪಾಲು ನಾಲ್ಕು ದೊಡ್ಡ ಕಂಪೆನಿಗಳ ಕೈಯಲ್ಲಿದೆ. ಆದರೂ ಪೈಪೋಟಿ ರೋಗಿಗೆ ನೆರವಾಗಬೇಕಾದರೆ ಮೊದಲು ಕಟ್ಟುನಿಟ್ಟಾದ ನಿಯಮ ಬೇಕೆಂಬುದನ್ನು ಈ ದೇಶ ತೋರಿಸಿಕೊಟ್ಟಿದೆ.

ನಮ್ಮಲ್ಲಿಯೂ 2024ರಲ್ಲಿ ಕೆಲವು ಸುಧಾರಣೆಗಳಾದವು. ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಪಡೆಯಲು ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಪರಿಹಾರ ನಿರಾಕರಿಸುವಂತಿಲ್ಲ.

ಓದುಗರು ಗಮನಿಸಬೇಕಾದ ಅಂಶಗಳು ಇವು:

1. ಆರೋಗ್ಯ ಚೆನ್ನಾಗಿರುವಾಗಲೇ ವಿಮೆ ಮಾಡಿಸಿ.

2. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

3. ಕಂಪೆನಿ ಬದಲಿಸುವುದಿದ್ದರೆ ನವೀಕರಣಕ್ಕೆ ಒಂದೂವರೆ, ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಹಳೆಯ ಪಾಲಿಸಿಯಲ್ಲಿ ಕಾದ ಅವಧಿ, ಹಳೆಯ ವಿಮಾ ಮೊತ್ತದ ಮಟ್ಟಿಗೆ, ಹೊಸದರಲ್ಲೂ ಲೆಕ್ಕಕ್ಕೆ ಬರುತ್ತದೆ.

4. ಹೊಸ ಕಂಪೆನಿಯ ಒಪ್ಪಿಗೆ ಲಿಖಿತವಾಗಿ ಕೈಸೇರುವವರೆಗೆ ಹಳೆಯ ಪಾಲಿಸಿಯನ್ನು ಬಿಡಬೇಡಿ.